ಸಿಬಿಲ್ ಕೆಟ್ಟ ಮೇಲೆ ಮತ್ತೊಂದು ಕಾರ್ಡ್ ಯಾಕೆ ತಗೊಂಡೆ?

ಇವತ್ತಿನ ಮಾತು ನನಗೆ ಸ್ವಲ್ಪ ಮುಜುಗರದ್ದು. ಬಿ.ಕಾಂ ಓದಿದವಳು, ವಾರಕ್ಕೊಮ್ಮೆ ನಿಮ್ಮ ಕಿವಿಯೊಳಗೆ ಕೂತು ರೊಕ್ಕದ ಲೆಕ್ಕ ಹೇಳುವವಳು, ನನ್ನದೇ ಸಿಬಿಲ್ ಸ್ಕೋರ್ ಒಂದು ಕಾಲಕ್ಕೆ 598 ಇತ್ತು. ಹೆಂಗ ಕೆಟ್ಟಿತು, ಹೆಂಗ ಸರಿಮಾಡಿಕೊಂಡೆ, ಎಲ್ಲಾ ಹೇಳ್ತೀನಿ. ನಿಮ್ಮದೂ ಕೆಟ್ಟಿದ್ದರೆ ಉಪಯೋಗಕ್ಕೆ ಬಂದೀತು.

2019ರಲ್ಲಿ ವಿದ್ಯಾನಗರದ ಒಂದು ಆಫೀಸಿನಲ್ಲಿ ನನ್ನ ಮೊದಲ ನೌಕರಿ. ಮೂರೇ ತಿಂಗಳಿಗೆ ಒಂದು ಬ್ಯಾಂಕಿನವರು ಫೋನ್ ಮಾಡಿ ₹40,000 ಲಿಮಿಟ್ಟಿನ ಕ್ರೆಡಿಟ್ ಕಾರ್ಡ್ ಕೊಟ್ಟರು. ಹೊಸ ಫೋನ್, ಗೆಳತಿ ಮದುವೆಗೆ ಸೀರೆ, ಗೋವಾ ಟ್ರಿಪ್. ಪ್ರತಿ ತಿಂಗಳು 'ಮಿನಿಮಮ್ ಡ್ಯೂ' ಅಷ್ಟೇ ಕಟ್ಟಿ, ಬಿಲ್ ಕಟ್ಟಿದೆ ಅಂದುಕೊಂಡು ಆರಾಮಾಗಿದ್ದೆ. 2020ರ ಲಾಕ್‌ಡೌನ್‌ನಲ್ಲಿ ನೌಕರಿ ಹೋಯಿತು. ಬಾಕಿ ಬೆಳೆದು ₹58,000 ಆಯಿತು. ದಿನಾ ವಸೂಲಿ ಫೋನು. ಕೊನೆಗೆ 2021ರಲ್ಲಿ ಒಬ್ಬರು, "ಮೇಡಂ, ₹30,000 ಕಟ್ಟಿ ಸೆಟಲ್ ಮಾಡಿಬಿಡ್ರಿ, ಮುಗೀತು" ಅಂದರು. ಕಟ್ಟಿದೆ. ಫೋನ್ ನಿಂತವು. ಮುಗೀತು ಅಂತ ನಾನೂ ಅಂದುಕೊಂಡೆ.

ಮುಗಿದಿರಲಿಲ್ಲ. 2023ರ ಮಳೆಗಾಲ, ತಮ್ಮನಿಗೆ ಎಂಜಿನಿಯರಿಂಗ್ ಸೀಟು ಸಿಕ್ಕಿತು. ಅಪ್ಪಾಜಿ ಇಲ್ಲ. ಶಿಕ್ಷಣ ಸಾಲಕ್ಕೆ ನಾನೇ ಜೊತೆ ಸಹಿ ಹಾಕಬೇಕಿತ್ತು. ಮ್ಯಾನೇಜರ್ ಕಂಪ್ಯೂಟರ್ ನನ್ನ ಕಡೆ ತಿರುಗಿಸಿ ತೋರಿಸಿದರು: "ಇಲ್ಲಿ 'ಸೆಟಲ್ಡ್' ಅಂತ ಬಂದೈತ್ರಿ. ಹಿಂಗಿದ್ರ ಕಷ್ಟ." ತಮ್ಮ ಪಕ್ಕದಲ್ಲೇ ಕೂತಿದ್ದ. ಆ ವರ್ಷದ ಫೀ ಕಟ್ಟಲು ಅವ್ವ ತನ್ನ ಬೋರಮಾಳ ಸರ ಅಡ ಇಟ್ಟಳು. ಒಂದು ಮಾತೂ ಅನ್ನಲಿಲ್ಲ. ಬೈದಿದ್ದರೆ ಚಲೋ ಇತ್ತು.

ಈಗ ವಿಷಯಕ್ಕೆ ಬರೋಣ. ಸ್ಕೋರ್ ಅಂದ್ರ ಏನು?

ನಮ್ಮ ಓಣಿಯ ಕಿರಾಣಿ ಅಂಗಡಿ ಕಾಕಾನ ಹತ್ತಿರ ಒಂದು ಉದ್ರಿ ಪುಸ್ತಕ ಐತಿ. ನಿಮ್ಮ ಪಗಾರ ಎಷ್ಟು, ಮನೆ ಸ್ವಂತದ್ದೋ ಬಾಡಿಗೆಯದ್ದೋ, ಅದನ್ನೆಲ್ಲ ಆತ ಬರೆದಿಡೋದಿಲ್ಲ. ಎಷ್ಟು ಒಯ್ದಿರಿ, ಹೇಳಿದ ತಾರೀಖಿಗೆ ತಂದುಕೊಟ್ಟಿರಾ, ಅಷ್ಟೇ. ದೇಶದ ಮಟ್ಟದಲ್ಲಿ ಇದೇ ಪುಸ್ತಕ ಇಡುವ ಕಂಪನಿಗಳು ನಾಲ್ಕು: ಟ್ರಾನ್ಸ್‌ಯೂನಿಯನ್ ಸಿಬಿಲ್, ಎಕ್ಸ್‌ಪೀರಿಯನ್, ಈಕ್ವಿಫ್ಯಾಕ್ಸ್, ಕ್ರಿಫ್ ಹೈ ಮಾರ್ಕ್. ನಾವು ಮಾತಿನಲ್ಲಿ ಎಲ್ಲದಕ್ಕೂ 'ಸಿಬಿಲ್' ಅಂತೀವಿ. 2005ರ ಕಾಯ್ದೆಯ ಅಡಿ ಇವು ಕೆಲಸ ಮಾಡುತ್ತವೆ, ಮೇಲೆ ರಿಸರ್ವ್ ಬ್ಯಾಂಕ್ ಇರುತ್ತದೆ. ಸಿಬಿಲ್ ಸ್ಕೋರ್ 300ರಿಂದ 900ರ ನಡುವೆ ಇರುತ್ತದೆ. ಪಗಾರ, ಉಳಿತಾಯ ಖಾತೆಯ ರೊಕ್ಕ ಯಾವುದೂ ಅದರಲ್ಲಿ ಲೆಕ್ಕಕ್ಕಿಲ್ಲ.

ಇಲ್ಲೇ ನಾನು ಎರಡನೇ ತಪ್ಪು ಮಾಡಿದ್ದು. 'ಕಾರ್ಡಿನ ಸಹವಾಸವೇ ಬ್ಯಾಡ' ಅಂತ ಎರಡು ವರ್ಷ ಏನೂ ಸಾಲ ತಗೊಳ್ಳದೇ ಕೂತೆ. ಆಮೇಲೆ ತಿಳೀತು: ಉದ್ರಿ ಪುಸ್ತಕದಲ್ಲಿ ನನ್ನ ಹೆಸರಿನ ಕೊನೆಯ ಪುಟ ಕೆಟ್ಟದ್ದು. ನಾನು ಅಂಗಡಿಗೆ ಹೋಗೋದೇ ಬಿಟ್ಟರೆ ಆ ಪುಟವೇ ಕೊನೆಯ ಪುಟವಾಗಿ ಉಳೀತದ. ಅದನ್ನು ಹರಿದು ಹಾಕಲು ಬರೋದಿಲ್ಲ. ಅದರ ಮುಂದೆ ಒಳ್ಳೆ ಪುಟ ಬರೆಸುತ್ತಾ ಹೋಗಬೇಕು. ಹೊಸ ಕಾರ್ಡ್ ಬೇಕಾಗೋದು ಅದಕ್ಕೆ, ಖರ್ಚಿಗಲ್ಲ.

ನಾನು ಮಾಡಿದ ಕ್ರಮ ಹೇಳ್ತೀನಿ.

ಮೊದಲು ವರದಿ ತೆಗೆಸಿದೆ. ನಾಲ್ಕೂ ಕಂಪನಿಗಳು ವರ್ಷಕ್ಕೊಮ್ಮೆ ಪೂರ್ತಿ ವರದಿ ಪುಕ್ಕಟೆ ಕೊಡಬೇಕು, ಇದು ರಿಸರ್ವ್ ಬ್ಯಾಂಕಿನ ಆದೇಶ. ನಿಮ್ಮ ಸ್ಕೋರ್ ನೀವೇ ನೋಡಿಕೊಂಡರೆ ಕಡಿಮೆ ಆಗೋದಿಲ್ಲ, ಹೆದರಬೇಡಿ. ವರದಿಯಲ್ಲಿ ಪ್ರತಿ ಖಾತೆಯ ಕೆಳಗೆ ತಿಂಗಳವಾರು ಅಂಕಿ ಇರುತ್ತವೆ. '000' ಅಂದರೆ ವೇಳೆಗೆ ಕಟ್ಟಿದ್ದೀರಿ. '060' ಅಂದರೆ 60 ದಿನ ತಡ. ನಿಮ್ಮದಲ್ಲದ ಸಾಲ ಕಂಡರೆ, ಕಟ್ಟಿದ್ದು ಬಾಕಿ ಅಂತ ಕಂಡರೆ ಅದೇ ವೆಬ್‌ಸೈಟಿನಲ್ಲಿ ದೂರು ಹಾಕಿ. 30 ದಿನದಲ್ಲಿ ಬಗೆಹರಿಸದಿದ್ದರೆ ದಿನಕ್ಕೆ ₹100 ಪರಿಹಾರ ಕೊಡಬೇಕು ಅನ್ನುವ ನಿಯಮ 2024ರ ಏಪ್ರಿಲ್‌ನಿಂದ ಜಾರಿಯಲ್ಲಿದೆ.

ಎರಡನೇದು, ಹಳೇ ಗಾಯ. 'ಸೆಟಲ್ಡ್' ಅಂದರೆ ಪೂರ್ತಿ ಕಟ್ಟಿಲ್ಲ, ಬ್ಯಾಂಕು ಉಳಿದದ್ದನ್ನು ಬಿಟ್ಟುಕೊಟ್ಟಿದೆ ಅಂತ ಅರ್ಥ. 'ಕ್ಲೋಸ್ಡ್' ಅಂದರೆ ಪೂರ್ತಿ ತೀರಿದೆ. ಬ್ಯಾಂಕಿಗೆ ಪತ್ರ ಬರೆದು, ಉಳಿದ ₹28,000 ಕಂತಿನಲ್ಲಿ ಕಟ್ಟಲು ಒಪ್ಪಿಗೆ ತಗೊಂಡೆ. ಸಂಜೆ ಪಿಯುಸಿ ಹುಡುಗರಿಗೆ ಅಕೌಂಟೆನ್ಸಿ ಟ್ಯೂಷನ್ ಹೇಳಿ 2024ರ ಜನವರಿಗೆ ತೀರಿಸಿದೆ. 'ನೋ ಡ್ಯೂಸ್' ಪತ್ರ ಕೈಗೆ ಬಂದಮೇಲೆ ವರದಿಯಲ್ಲಿ ಬದಲಾಯಿಸಿಕೊಂಡೆ. ತಡವಾದ ತಿಂಗಳುಗಳ ದಾಖಲೆ ಅಳಿಸಿಹೋಗಲಿಲ್ಲ, ಆದರೆ ಖಾತೆ 'ಕ್ಲೋಸ್ಡ್' ಆಯಿತು.

ಮೂರನೇದು, ಹೊಸ ಕಾರ್ಡ್. ಕೆಟ್ಟ ಸ್ಕೋರಿಗೆ ಸಾದಾ ಕಾರ್ಡ್ ಸಿಗೋದು ಕಷ್ಟ. ಹತ್ತು ಕಡೆ ಅರ್ಜಿ ಹಾಕಬೇಡಿ, ಪ್ರತಿ ಅರ್ಜಿಯೂ ವರದಿಯಲ್ಲಿ ಕಾಣುತ್ತದೆ, ಸ್ಕೋರ್ ಇನ್ನಷ್ಟು ಇಳಿಯಬಹುದು. ಅದರ ಬದಲು ಎಫ್‌ಡಿ ಮೇಲೆ ಕೊಡುವ ಕಾರ್ಡ್ ಕೇಳಿ. ನಾನು ₹20,000 ಎಫ್‌ಡಿ ಇಟ್ಟೆ, ₹18,000 ಲಿಮಿಟ್ ಸಿಕ್ಕಿತು. ಎಫ್‌ಡಿಗೆ ಬಡ್ಡಿ ಬರ್ತಾನೇ ಇರುತ್ತದೆ. ನಾನು ಬಿಲ್ ಕಟ್ಟದಿದ್ದರೆ ಬ್ಯಾಂಕು ಎಫ್‌ಡಿಯಿಂದ ಮುರಿದುಕೊಳ್ಳುತ್ತದೆ. ಅದಕ್ಕೇ ಅವರು ಸ್ಕೋರ್ ಬಗ್ಗೆ ಅಷ್ಟು ತಲೆ ಕೆಡಿಸಿಕೊಳ್ಳೋದಿಲ್ಲ.

ನಾಲ್ಕನೇದು, ಬಳಸುವ ರೀತಿ. ನನ್ನ ಕಾರ್ಡಿಗೆ ಮೂರೇ ಕೆಲಸ: ಹೆಸ್ಕಾಂ ಬಿಲ್, ಮೊಬೈಲ್ ರೀಚಾರ್ಜ್, ಸ್ಕೂಟಿ ಪೆಟ್ರೋಲ್. ಕಾರ್ಡ್ ಇರಲಿ, ಬಿಡಲಿ, ಹೆಂಗಿದ್ರೂ ಆಗುವ ಖರ್ಚು ಇವು. ಆ ರೊಕ್ಕ ಮೊದಲೇ ಖಾತೆಯಲ್ಲಿ ತೆಗೆದಿಟ್ಟಿರ್ತೀನಿ. ಲಿಮಿಟ್ಟಿನ 30% ದಾಟಬಾರದು ಅನ್ನೋದು ಸಾಮಾನ್ಯವಾಗಿ ಹೇಳುವ ಅಳತೆ. ನನ್ನ ₹18,000ಕ್ಕೆ ಅದು ₹5,400. ಎಂದೂ ಎಟಿಎಂನಲ್ಲಿ ಅದರಿಂದ ನಗದು ತೆಗೆಯಬೇಡಿ. ಶುಲ್ಕ ಬೇರೆ, ತೆಗೆದ ದಿನದಿಂದಲೇ ಬಡ್ಡಿ ಬೇರೆ.

ಬಿಲ್ ಬಂದಾಗ 'ಟೋಟಲ್ ಡ್ಯೂ' ಪೂರ್ತಿ ಕಟ್ಟಬೇಕು. ಮಿನಿಮಮ್ ಕಟ್ಟಿದರೆ ಏನಾಗ್ತದ, ಲೆಕ್ಕ ನೋಡ್ರಿ. ₹10,000 ಬಾಕಿ ಐತಿ, ಮಿನಿಮಮ್ 5% ಅಂದರೆ ₹500 ಕಟ್ಟಿದಿರಿ. ತಿಂಗಳಿಗೆ 3.5% ಬಡ್ಡಿ ಹಿಡಿದರೆ ₹350, ಅದರ ಮೇಲೆ 18% ಜಿಎಸ್‌ಟಿ ₹63. ಒಟ್ಟು ₹413 ಹೋಯಿತು. ₹500 ಕಟ್ಟಿದರೂ ಅಸಲು ಇಳಿದದ್ದು ಬರೀ ₹87! ಮೇಲಾಗಿ, ಹಳೇ ಬಾಕಿ ಇರುವಾಗ ಹೊಸ ಖರೀದಿಗೂ ಮೊದಲ ದಿನದಿಂದ ಬಡ್ಡಿ ಬೀಳುತ್ತದೆ. 2019ರಲ್ಲಿ ನಾನು ಮುಳುಗಿದ್ದು ಇದೇ ಲೆಕ್ಕದಲ್ಲಿ. ಬಿ.ಕಾಂ ಸರ್ಟಿಫಿಕೇಟ್ ಮನೆಯ ಗೋಡೆ ಮೇಲೇ ಇತ್ತು.

ಈ ಸಲವೂ ಒಮ್ಮೆ ಎಡವಿದೆ. ಗಣೇಶ ಹಬ್ಬದ ಗದ್ದಲದಾಗ ತಾರೀಖು ಮರೆತು ಎರಡನೇ ದಿನ ಕಟ್ಟಿದೆ. ಕೊನೆಯ ದಿನ ದಾಟಿ ಮೂರು ದಿನಕ್ಕಿಂತ ಹೆಚ್ಚು ತಡವಾದರೆ ಮಾತ್ರ ಬಾಕಿ ಅಂತ ವರದಿ ಮಾಡಬೇಕು, ತಡದ ಶುಲ್ಕ ಹಾಕಬೇಕು ಅನ್ನುವ ರಿಸರ್ವ್ ಬ್ಯಾಂಕ್ ನಿಯಮ ನನ್ನನ್ನು ಉಳಿಸಿತು. ಅವತ್ತೇ ಆಟೋ ಡೆಬಿಟ್ ಹಾಕಿದೆ. ಹಾಕುವಾಗ 'ಮಿನಿಮಮ್' ಅಲ್ಲ, 'ಟೋಟಲ್' ಆರಿಸಿ. ಬಹಳ ಮಂದಿ ಇಲ್ಲೇ ತಪ್ಪುತ್ತಾರೆ.

ಎಷ್ಟು ದಿನ ಬೇಕು? ಮೊದಲ ಆರು ತಿಂಗಳು ಸ್ಕೋರ್ ಹೆಚ್ಚೇನೂ ಅಲುಗಾಡಲಿಲ್ಲ, ನನಗೆ ಅಳುವೇ ಬಂದಿತ್ತು. ಆಮೇಲೆ ನಿಧಾನವಾಗಿ 640, 690 ಆಯಿತು. 2025ರ ಜನವರಿಯಿಂದ ಬ್ಯಾಂಕುಗಳು 15 ದಿನಕ್ಕೊಮ್ಮೆ ಮಾಹಿತಿ ಕಳಿಸಬೇಕು ಅನ್ನುವ ನಿಯಮ ಬಂತು, ಹಂಗಾಗಿ ಕಟ್ಟಿದ್ದು ಮೊದಲಿಗಿಂತ ಬೇಗ ಕಾಣುತ್ತದೆ. ತಪ್ಪಿದ್ದೂ ಅಷ್ಟೇ ಬೇಗ ಕಾಣುತ್ತದೆ.

'₹5,000 ಕೊಡ್ರಿ, ವಾರದಾಗ ಸಿಬಿಲ್ ಸರಿ ಮಾಡ್ತೀವಿ' ಅನ್ನೋ ರೀಲ್ಸ್ ನಿಮಗೂ ಬರ್ತಾವ. ನಂಬಬೇಡಿ. ತಪ್ಪು ದಾಖಲೆ ಇದ್ದರೆ ನೀವೇ ಪುಕ್ಕಟೆ ತಿದ್ದಿಸಬಹುದು. ನಿಜವಾದ ದಾಖಲೆಯನ್ನು ರೊಕ್ಕ ತಗೊಂಡು ಯಾರೂ ಅಳಿಸೋಕಾಗಲ್ಲ.

ಕಲಘಟಗಿಯ ಒಬ್ಬ ಕೇಳುಗ ಮೆಸೇಜ್ ಹಾಕಿದ್ದ: "ಅಕ್ಕಾ, ಎರಡು ಆ್ಯಪ್ ಸಾಲ ಬಾಕಿ ಅದಾವ. ಎಫ್‌ಡಿ ಕಾರ್ಡ್ ತಗೊಂಡು ಅವನ್ನ ತೀರಿಸ್ಲಾ?" ಬ್ಯಾಡ ತಮ್ಮಾ. ಎಫ್‌ಡಿಗೆ ಇಡುವಷ್ಟು ರೊಕ್ಕ ಇದ್ದರೆ ಮೊದಲು ಆ ಸಾಲ ತೀರಿಸು. ಬಾಕಿ ಇರುವಾಗ ಹೊಸ ಕಾರ್ಡ್ ಅಂದರೆ ಒಂದು ಗುಂಡಿ ಮುಚ್ಚಲು ಇನ್ನೊಂದು ಗುಂಡಿ ತೋಡಿದಂಗ. ತಿಂಗಳ ಆದಾಯ ಒಂದು ಹಂತಕ್ಕೆ ನಿಂತಮೇಲೆ ಕಾರ್ಡಿನ ಮಾತು.

ಈ ವರ್ಷ ತಮ್ಮನ ಜೊತೆ ಅದೇ ಶಾಖೆಗೆ ಮತ್ತ ಹೋದೆ. ಸ್ಕೋರ್ 736 ಇತ್ತು. ಮ್ಯಾನೇಜರ್ ಬೇರೆಯವರು ಬಂದಿದ್ದರು, ಹಳೇ ಕಥೆ ಅವರಿಗೆ ಗೊತ್ತಿರಲಿಲ್ಲ. ಆದರೆ ವರದಿಗೆ ಗೊತ್ತಿತ್ತು, ಹಳೇ ಖಾತೆಯ ಬಗ್ಗೆ ಕೇಳಿದರು. 'ನೋ ಡ್ಯೂಸ್' ಪತ್ರ ತೋರಿಸಿದೆ. ಉಳಿದ ವರ್ಷಗಳ ಫೀಗೆ ಸಾಲ ಮಂಜೂರಾಯಿತು. ಅವ್ವನ ಬೋರಮಾಳ ಇನ್ನೂ ಬಿಡಿಸಿಕೊಂಡಿಲ್ಲ, ಎರಡು ಕಂತು ಬಾಕಿ ಐತಿ. ಅದೂ ತಾರೀಖಿಗೆ ಸರಿಯಾಗಿ ಹೋಗ್ತದ.

ಇವತ್ತು ರಾತ್ರಿ ಒಂದೇ ಕೆಲಸ ಮಾಡ್ರಿ: ನಿಮ್ಮ ವರದಿ ತೆಗೆದು ನೋಡ್ರಿ. ಪ್ರಶ್ನೆ ಇದ್ದರೆ ವಾಯ್ಸ್ ನೋಟ್ ಕಳಿಸ್ರಿ, ಖಾತೆ ನಂಬರು, ಒಟಿಪಿ ಮಾತ್ರ ಯಾರಿಗೂ ಬ್ಯಾಡ, ನನಗೂ ಬ್ಯಾಡ. ಮುಂದಿನ ವಾರ ಸಿಗೋಣ. ಬರ್ತೀನ್ರಿ.