ಮೊದಲ ಕ್ರೋಶಾ ಗೊಂಬೆ: ಹಳದಿ ಕೋಳಿಮರಿ

ಬಾಗಿಲ ತೋರಣ, ಟೀಪಾಯಿ ಬಟ್ಟೆ, ದಿಂಬಿನ ಅಂಚು! ಕ್ರೋಶಾ ಎಂದೊಡನೆ ನಮಗೆ ನೆನಪಾಗುವುದು ಇವೇ. ಅದೇ ಕಡ್ಡಿಯಿಂದ ಮಕ್ಕಳು ಅಪ್ಪಿಕೊಂಡು ಮಲಗುವ ಪುಟ್ಟ ಗೊಂಬೆಗಳನ್ನೂ ಹೆಣೆಯಬಹುದು. ಜಪಾನೀಯರು ಇದನ್ನು ‘ಅಮಿಗುರುಮಿ’ ಎನ್ನುತ್ತಾರೆ. ‘ಅಯ್ಯೋ, ಕಡ್ಡಿ ಹಿಡಿಯೋದೇ ಗೊತ್ತಿಲ್ಲ, ನಮ್ಮಿಂದ ಆಗೋದುಂಟೇ?’ ಎನ್ನಬೇಡಿ. ಇದಕ್ಕೆ ಮುಖ್ಯವಾಗಿ ಒಂದೇ ಬಗೆಯ ಹೆಣಿಗೆ ಸಾಕು. ಎಣಿಕೆ ಮಾತ್ರ ತಪ್ಪಬಾರದು.

ಬೇಕಾಗುವ ಸಾಮಾನು: ಮಧ್ಯಮ ದಪ್ಪದ ಹಳದಿ ಹತ್ತಿ ದಾರ ಒಂದು ಉಂಡೆ, 3 ಮಿ.ಮೀ. ಕ್ರೋಶಾ ಕಡ್ಡಿ, ಕಪ್ಪು ಮತ್ತು ಕಿತ್ತಳೆ ಬಣ್ಣದ ಕಸೂತಿ ದಾರ, ದೊಡ್ಡ ಕಣ್ಣಿನ ಸೂಜಿ, ದಿಂಬಿಗೆ ತುಂಬುವ ಪಾಲಿಯೆಸ್ಟರ್ ಹತ್ತಿ. ಮಾಮೂಲಿ ಹತ್ತಿ ತುಂಬಿದರೆ ಒಗೆದಾಗ ಗಂಟುಕಟ್ಟುತ್ತದೆ, ಮಳೆಗಾಲದಲ್ಲಿ ಬೇಗ ಒಣಗುವುದಿಲ್ಲ. ಉಲ್ಲನ್ನಿನ ಜುಂಗು ಕೂಸಿನ ಬಾಯಿಗೆ ಹೋಗುತ್ತದಾದ್ದರಿಂದ ಹತ್ತಿ ದಾರವೇ ಲೇಸು.

ಹೆಣೆಯುವ ವಿಧಾನ: ಕಡ್ಡಿಯನ್ನು ಕುಣಿಕೆಯೊಳಗೆ ತೂರಿಸಿ ದಾರ ಎಳೆದುಕೊಳ್ಳಿ. ಕಡ್ಡಿಯ ಮೇಲೆ ಎರಡು ಕುಣಿಕೆಗಳಾದವಷ್ಟೆ? ಮತ್ತೆ ದಾರ ಸುತ್ತಿ ಎರಡರೊಳಗಿಂದಲೂ ಒಟ್ಟಿಗೆ ಎಳೆಯಿರಿ. ಇದೇ ಸಿಂಗಲ್ ಕ್ರೋಶಾ. ಇಂಗ್ಲೆಂಡಿನ ಪುಸ್ತಕಗಳಲ್ಲಿ ಇದಕ್ಕೇ ಡಬಲ್ ಕ್ರೋಶಾ ಎಂದಿರುತ್ತದೆ, ಗಾಬರಿ ಬೇಡ.

ಎರಡು ಚೈನು ಹಾಕಿ, ಕಡ್ಡಿಯಿಂದ ಎರಡನೆಯ ಚೈನಿನಲ್ಲಿ 6 ಸಿಂಗಲ್ ಕ್ರೋಶಾ ಹಾಕಿ. ಎರಡನೆಯ ಸುತ್ತಿನಲ್ಲಿ ಪ್ರತಿಯೊಂದರಲ್ಲೂ ಎರಡೆರಡು ಹಾಕಿದರೆ 12. ಮುಂದಿನ ಸುತ್ತಿನಲ್ಲಿ ಒಂದು ಬಿಟ್ಟು ಒಂದರಲ್ಲಿ ಎರಡು ಹಾಕಿದರೆ 18. ಹೀಗೆ ಸುತ್ತಿಗೆ ಆರರಂತೆ ಸಮ ಅಂತರದಲ್ಲಿ ಹೆಚ್ಚಿಸುತ್ತಾ 24, 30, 36ಕ್ಕೆ ನಿಲ್ಲಿಸಿ. ಆಮೇಲೆ 6 ಸುತ್ತು ಹೆಚ್ಚಿಸದೆ ಹೆಣೆಯಿರಿ. ಬಳಿಕ ಎರಡನ್ನು ಸೇರಿಸಿ ಒಂದು ಮಾಡುತ್ತಾ 30, 24, 18ಕ್ಕೆ ಇಳಿಸಿ. ಈಗ ಹತ್ತಿಯನ್ನು ಚೆನ್ನಾಗಿ ತುಂಬಿ, 12, 6 ಮಾಡಿ ಬಾಯಿ ಮುಚ್ಚಿ. ಚಿಕ್ಕ ಮೋಸಂಬಿಯಷ್ಟು ದೊಡ್ಡ ಮರಿ ಸಿದ್ಧ.

ಸುತ್ತಿನ ಆರಂಭ ತಿಳಿಯಲು ಬೇರೆ ಬಣ್ಣದ ದಾರದ ತುಂಡು ಇಟ್ಟುಕೊಳ್ಳಿ. ಪಿನ್ನು ಬೇಡ, ಮರೆತರೆ ಒಳಗೇ ಉಳಿದೀತು. ಹೆಣಿಗೆಯ ಸಂದಿನಿಂದ ಬಿಳಿ ಹತ್ತಿ ಇಣುಕುತ್ತಿದ್ದರೆ ಸಣ್ಣ ಕಡ್ಡಿ ಹಿಡಿಯಿರಿ.

ರೆಕ್ಕೆಗೆ 12ರವರೆಗೆ ಹೆಣೆದ ಎರಡು ಬಿಲ್ಲೆಗಳನ್ನು ಮಡಿಸಿ ಹೊಲಿಯಿರಿ.

ಇನ್ನು ಕಣ್ಣು. ಮಣಿ, ಗುಂಡಿ ಹಚ್ಚಿದರೆ ನೋಡಲು ಮುದ್ದಾಗಿಯೇ ಇರುತ್ತದೆ. ಆದರೆ ಮೂರು ವರ್ಷದೊಳಗಿನ ಮಕ್ಕಳು ಕೈಗೆ ಸಿಕ್ಕಿದ್ದನ್ನೆಲ್ಲ ಬಾಯಿಗಿಡುತ್ತವೆ. ಕಿತ್ತು ಬಂದ ಒಂದು ಗುಂಡಿ ಗಂಟಲಲ್ಲಿ ಸಿಕ್ಕಿದರೆ ಉಸಿರೇ ಕಟ್ಟುತ್ತದೆ. ಅಂಗಡಿಯಲ್ಲಿ ‘ಸೇಫ್ಟಿ ಕಣ್ಣು’ ಎಂದು ಮಾರುವ ಪ್ಲಾಸ್ಟಿಕ್ ಕಣ್ಣುಗಳೂ ಹೆಣಿಗೆ ಸಡಿಲವಾದರೆ ಕಳಚಿ ಬರಬಹುದು. ಆದ್ದರಿಂದ ಕಣ್ಣನ್ನು ಕಪ್ಪು ದಾರದಿಂದ, ಕೊಕ್ಕನ್ನು ಕಿತ್ತಳೆ ದಾರದಿಂದ ಕಸೂತಿ ಹಾಕಿಬಿಡಿ. ಕೂಸಿನ ಬೆರಳಿಗೆ ಸುತ್ತಿಕೊಳ್ಳುವಂಥ ಉದ್ದ ದಾರ ಬಿಡಬೇಡಿ.

ನೆಂಟರ ಮನೆ ನಾಮಕರಣಕ್ಕೆ ಕೊಂಡೊಯ್ಯುವ ಮುಂಚೆ ರೆಕ್ಕೆಗಳನ್ನು ಬಲವಾಗಿ ಎಳೆದು ನೋಡಿ. ಸ್ವಲ್ಪ ಸಡಿಲವಾದರೂ ಬಿಚ್ಚಿ ಮತ್ತೆ ಹೊಲಿಯಿರಿ. ಗೊಂಬೆ ಕೊಂಚ ಸೊಟ್ಟಗಿದ್ದರೆ ಮಗುವೇನೂ ಬೇಸರಪಡುವುದಿಲ್ಲ, ಹೊಲಿಗೆ ಮಾತ್ರ ಗಟ್ಟಿಯಿರಲಿ!