ಕಾರಿನ ಮೂತಿಗೆ ಜಾಲರಿ ಏಕೆ?

ಸ್ಪೋರ್ಟ್ಸ್ ಕಾರಿನ ಮೂತಿಗೆ ಜಾಲರಿ ಹಾಕಿಸುವುದನ್ನು ಬರೀ ಶೋಕಿ ಎನ್ನುವವರು ಪೋರ್ಷೆ 911 ಕಾರಿನ ಮೂತಿಯನ್ನೊಮ್ಮೆ ಗಮನಿಸಬೇಕು. ದಶಕಗಳ ಕಾಲ ಗಾಳಿಯಿಂದ ತಣಿಯುತ್ತಿದ್ದ ಅದರ ಎಂಜಿನ್‌ಗೆ 1990ರ ದಶಕದ ಕೊನೆಯಲ್ಲಿ ನೀರಿನಿಂದ ತಣಿಸುವ ವ್ಯವಸ್ಥೆ ಬಂತು. ಎಂಜಿನ್ ಹಿಂದೆಯೇ ಉಳಿದರೂ ರೇಡಿಯೇಟರ್‌ಗಳು ಮುಂದಿನ ಬಂಪರಿನ ಎರಡೂ ಬದಿಯ ಕಿಂಡಿಗಳೊಳಗೆ ಕೂತವು, ಅವುಗಳ ಮುಂದೆ ಎ.ಸಿ. ಕಂಡೆನ್ಸರ್‌ಗಳು. ತೆರೆದ ಕಿಂಡಿಯಲ್ಲಿ ತರಗೆಲೆ, ಕಸ ಸೇರಿ, ತೇವ ಹಿಡಿದು ಇವುಗಳ ಅಲ್ಯೂಮಿನಿಯಂ ಪಟ್ಟಿಗಳನ್ನು ತಿನ್ನುತ್ತದೆ. ಚಿಮ್ಮಿದ ಕಲ್ಲು ತೂತನ್ನೇ ಮಾಡಬಹುದು. ಆದ್ದರಿಂದ ಬಂಪರ್ ಬಿಚ್ಚಿ, ಕಸ ತೆಗೆದು, ಲೋಹದ ಜಾಲರಿ ಕೂರಿಸುವುದು ಮೊದಲು ರಕ್ಷಣೆಯ ಕೆಲಸ, ಅಂದ ಆಮೇಲಿನದು. ಜಾಲರಿ ಗಾಳಿಗೆ ಅಡ್ಡಬರುವುದಿಲ್ಲವೇ? ಸ್ವಲ್ಪ ಬರುತ್ತದೆ, ನಿಜ. ಸೊಳ್ಳೆಪರದೆಯಂಥ ಸಣ್ಣ ಕಣ್ಣಿನದು ಖಂಡಿತ ಬೇಡ. ಆದರೆ ತೆಳು ತಂತಿಯ, ಅಗಲ ಕಣ್ಣಿನ ಜಾಲರಿಗಿಂತ ಒಳಗೆ ಗಟ್ಟಿಗೊಂಡ ಕಸವೇ ಗಾಳಿಯನ್ನು ಹೆಚ್ಚು ತಡೆಯುತ್ತದೆ. ಜಾಲರಿಗೆ ಅಂಟಿದ ಎಲೆಯನ್ನಾದರೆ ಕೈಯಲ್ಲೇ ತೆಗೆಯಬಹುದು.