ಮೂವತ್ತೊಂಬತ್ತು ಅಂಕಿಗಳ ಅವಿಭಾಜ್ಯ

ನೂರಿಪ್ಪತ್ತೇಳು ಎರಡುಗಳನ್ನು ಒಂದರಿಂದೊಂದು ಗುಣಿಸಿ, ಬಂದ ಲಬ್ಧದಿಂದ ಒಂದನ್ನು ಕಳೆದರೆ ಉಳಿಯುವ 170141183460469231731687303715884105727 ಎಂಬ ಸಂಖ್ಯೆಯು, 1876ರಿಂದ 1951ರವರೆಗೆ, ಎಂದರೆ ಮುಕ್ಕಾಲು ಶತಮಾನದ ಕಾಲ, ಮನುಷ್ಯನಿಗೆ ಗೊತ್ತಿದ್ದ ಅವಿಭಾಜ್ಯ ಸಂಖ್ಯೆಗಳಲ್ಲೆಲ್ಲ ಹಿರಿದೆಂಬ ಪದವಿಯಲ್ಲಿ ಅಚಲವಾಗಿ ಕುಳಿತಿತ್ತು.

ಇದರ ಹೆಸರನ್ನು ಮೊದಲು ಎತ್ತಿದವನು ಫ್ರಾನ್ಸಿನ ಸಂನ್ಯಾಸಿ ಮರ್ಸೆನ್. ಎರಡರ ಘಾತದಿಂದ ಒಂದನ್ನು ಕಳೆದಾಗ ಯಾವ ಯಾವ ಘಾತಗಳಿಗೆ ಅವಿಭಾಜ್ಯವು ದೊರೆಯುವುದೆಂದು 257ರವರೆಗಿನ ಒಂದು ಪಟ್ಟಿಯನ್ನು ಅವನು 1644ರಲ್ಲಿ ಪ್ರಕಟಿಸಿದನು; ಪ್ರಮಾಣವನ್ನು ಮಾತ್ರ ಕೊಡಲಿಲ್ಲ. ಅದರಲ್ಲಿದ್ದ 67 ಮತ್ತು 257 ಸಲ್ಲದವು. ಇರಬೇಕಾಗಿದ್ದ 61, 89, 107 ಬಿಟ್ಟುಹೋದವು. ಹೀಗಿರುವಾಗ 127ರ ವಿಷಯದಲ್ಲಿ ಅವನ ಮಾತು ನಿಜವಾದದ್ದನ್ನು ಪಾಂಡಿತ್ಯಕ್ಕಿಂತ ಅದೃಷ್ಟದ ಲೆಕ್ಕಕ್ಕೆ ಸೇರಿಸುವುದೇ ನ್ಯಾಯ.

31ನೆಯ ಘಾತದ ಸಂಖ್ಯೆಯಾದ 2147483647 ಅವಿಭಾಜ್ಯವೆಂದು ಆಯ್ಲರನು 1772ರಲ್ಲಿ ತೋರಿಸಿದ್ದನು. ಅದರ ವರ್ಗಮೂಲ 46340ರ ಆಸುಪಾಸಿನದು. ಅಷ್ಟರೊಳಗೆ ಭಾಜಕವಾಗಬಲ್ಲ ಕೆಲವೇ ಸಂಖ್ಯೆಗಳನ್ನು ಪರೀಕ್ಷಿಸಿದರೆ ಸಾಕಾಗಿತ್ತು. ಆದರೆ ನಮ್ಮ ಸಂಖ್ಯೆಯ ವರ್ಗಮೂಲವೇ ಇಪ್ಪತ್ತು ಅಂಕಿಗಳದು. ಅಲ್ಲಿ ಆ ದಾರಿ ಮುಚ್ಚಿತು.

ಭಾಜಕಗಳನ್ನು ಹುಡುಕದೆಯೇ ಅವಿಭಾಜ್ಯತೆಯನ್ನು ನಿರ್ಣಯಿಸಬಹುದೆಂದು ಕಂಡುಕೊಂಡವನು, ಒಮ್ಮೆ ಫಿರಂಗಿದಳದ ಅಧಿಕಾರಿಯಾಗಿದ್ದು ಬಳಿಕ ಅಧ್ಯಾಪಕನಾದ, ಮುಂದೆ ಹನೋಯಿಯ ಗೋಪುರವೆಂಬ ಆಟವನ್ನು ಕಲ್ಪಿಸಿದ ಎಡುವಾರ್ ಲೂಕಾ. ಅವನ ವಿಧಾನದ ಸರಳತೆ ಬೆರಗುಗೊಳಿಸತಕ್ಕದ್ದು. 3ರಿಂದ ಹೊರಟು, ಪ್ರತಿ ಪದವನ್ನೂ ವರ್ಗಿಸಿ ಎರಡನ್ನು ಕಳೆಯುವುದು. ಪರೀಕ್ಷಿಸಬೇಕಾದ ಸಂಖ್ಯೆಯಿಂದ ಭಾಗಿಸಿ ಶೇಷವನ್ನಷ್ಟೆ ಇಟ್ಟುಕೊಳ್ಳುವುದು. ಏಳನೆಯ ಘಾತದಿಂದ ಬರುವ 127ಕ್ಕೆ ಇದನ್ನು ಪ್ರಯೋಗಿಸಿದರೆ 3, 7, 47, 48, 16, 0 ಎಂದು ಆರನೆಯ ಪದದಲ್ಲಿ ಶೂನ್ಯವು ಬರುತ್ತದೆ; ಆದುದರಿಂದ 127 ಅವಿಭಾಜ್ಯ. ನಾಲ್ಕರಿಂದ ಭಾಗಿಸಿದಾಗ ಮೂರು ಉಳಿಯುವ ಅವಿಭಾಜ್ಯ ಘಾತಗಳಿಗೆಲ್ಲ ಈ ಪರೀಕ್ಷೆ ಸಲ್ಲುತ್ತದೆ. ನೂರಿಪ್ಪತ್ತೇಳನೆಯ ಘಾತಕ್ಕಾದರೆ ಶೂನ್ಯವು 126ನೆಯ ಪದದಲ್ಲಿ ಬರಬೇಕು. ಮೂವತ್ತೊಂಬತ್ತು ಅಂಕಿಗಳವರೆಗಿನ ಶೇಷಗಳನ್ನು ಮತ್ತೆ ಮತ್ತೆ ವರ್ಗಿಸುವ ಆ ಶ್ರಮವನ್ನು ಓದುಗರೇ ಊಹಿಸಬಹುದು. ಸಂಖ್ಯೆಗಳನ್ನು ಒಂದು ಸೊನ್ನೆಗಳ ದ್ವಿಮಾನ ಪದ್ಧತಿಯಲ್ಲಿ ಬರೆದರೆ, ಬದಿಗೆ 127 ಮನೆಗಳುಳ್ಳ ಚದುರಂಗದ ಹಾಸಿನ ಮೇಲೆ ಕಾಯಿಗಳನ್ನು ನಡೆಸಿಯೇ ಈ ಗಣಿತವನ್ನು ಮಾಡಬಹುದೆಂದು ಅವನು ವಿವರಿಸಿದನು.

ಈ ಪರೀಕ್ಷೆಗೆ ಒಂದು ವಿಚಿತ್ರ ಮೌನವೂ ಉಂಟು: ಸಂಖ್ಯೆಯು ವಿಭಾಜ್ಯವಾದರೆ ಅದರ ಭಾಜಕ ಯಾವುದೆಂದು ಅದು ಹೇಳದು. 127ನೆಯ ಘಾತದ ಸಂಖ್ಯೆ ಅವಿಭಾಜ್ಯವೆಂದು ನಿರ್ಣಯಿಸಿದ ಅದೇ 1876ರಲ್ಲಿ, ಮರ್ಸೆನ್ ಪಟ್ಟಿಯ 67 ತಪ್ಪೆಂದು ಲೂಕಾ ತೋರಿಸಿದರೂ, 193707721 ಮತ್ತು 761838257287 ಎಂಬ ಅಪವರ್ತನಗಳನ್ನು ಅಮೆರಿಕದ ಕೋಲ್ ಮುಂದಿಡಲು 1903 ಬರಬೇಕಾಯಿತು.

1930ರಲ್ಲಿ ಗಣಿತಜ್ಞ ಲೇಮರ್ ಲೂಕಾನ ವಿಧಾನವನ್ನು ಪರಿಷ್ಕರಿಸಿದನು. 1951ರಲ್ಲಿ ಫೆರಿಯೇ ಎಂಬವನು ಮೇಜಿನ ಗಣಕಯಂತ್ರದ ನೆರವಿನಿಂದ 44 ಅಂಕಿಗಳ ಅವಿಭಾಜ್ಯವನ್ನು ಸಾಧಿಸಿದನು. ಅದೇ ವರ್ಷ ವಿದ್ಯುನ್ಮಾನ ಯಂತ್ರವು 79 ಅಂಕಿಗಳನ್ನು ಮುಟ್ಟಿತು. 2024ರ ಅಕ್ಟೋಬರಿನಲ್ಲಿ ಪ್ರಕಟವಾದ, ನಾಲ್ಕು ಕೋಟಿಗೂ ಮೀರಿದ ಅಂಕಿಗಳ ಸಂಖ್ಯೆಯನ್ನು ದೃಢಪಡಿಸಿದ್ದು ಲೂಕಾ–ಲೇಮರ್ ಪರೀಕ್ಷೆಯೇ.

2ನ್ನು ಘಾತವಾಗಿಟ್ಟರೆ 3, ಮೂರನ್ನಿಟ್ಟರೆ 7, ಏಳನ್ನಿಟ್ಟರೆ 127, ಅದನ್ನಿಟ್ಟರೆ ನಮ್ಮ ಸಂಖ್ಯೆ, ಎಲ್ಲವೂ ಅವಿಭಾಜ್ಯಗಳೇ. ಈ ಸರಪಳಿಯ ಮುಂದಿನ ಕೊಂಡಿಯೂ ಅವಿಭಾಜ್ಯವೇ ಎಂಬುದು ಗಣಿತಜ್ಞ ಕ್ಯಾಟಲಾನನ ಕಾಲದಿಂದಲೂ ನಿಂತಿರುವ ಪ್ರಶ್ನೆ. ಅದರ ಅಂಕಿಗಳನ್ನು ಬರೆದಿಡಲು ಸಹ ಯಾವ ಯಂತ್ರಕ್ಕೂ ಸಾಧ್ಯವಿಲ್ಲವಾದ್ದರಿಂದ, ಉತ್ತರವು ಇಂದಿಗೂ ದೊರೆತಿಲ್ಲ.